ಹಳೆಯ ಸ್ವರಗಳಿಗೆ ಹೊಸ ವಾದ್ಯಗಳು: ಬಾಖನ ಸಂಗೀತವೂ ಜಾಝ್ ಮೇಳವೂ

1938ನೆಯ ಇಸವಿಯ ಅಕ್ಟೋಬರ್ ತಿಂಗಳಿನಲ್ಲಿ ಅಮೆರಿಕಾ ದೇಶದ ನ್ಯೂ ಜೆರ್ಸಿ ಸಂಸ್ಥಾನದ ಬಾಖ್ ಸಂಘದ ಅಧ್ಯಕ್ಷರು, ರೇಡಿಯೋ ನಿಲಯಗಳಿಗೆ ಪರವಾನಗಿ ಕೊಡುವ ಸರಕಾರಿ ಆಯೋಗಕ್ಕೆ ಒಂದು ದೂರನ್ನು ಬರೆದುಕೊಂಡರು. ಬಾಖನ ಡಿ ಮೈನರ್ ಟೊಕಾಟಾವನ್ನು ಜಾಝ್ ಮೇಳವೊಂದು ತನ್ನ ರೀತಿಯಲ್ಲಿ ನುಡಿಸಿದ್ದು ಅವರ ಕೋಪಕ್ಕೆ ಕಾರಣವಾಗಿತ್ತು. ಸ್ಯಾಕ್ಸೊಫೋನು ಸ್ವರದಿಂದ ಸ್ವರಕ್ಕೆ ಒರಟಾಗಿ ಜಾರಿ ಕೃತಿಯ ಸೊಬಗನ್ನೆಲ್ಲ ಕೆಡಿಸಿತೆಂದೂ, ಕ್ಲಾರಿನೆಟ್ಟಿನ ಅಪಸ್ವರಗಳಲ್ಲಿ ಕಾಡಿನ ಸದ್ದು ಕೇಳಿಸುತ್ತಿತ್ತೆಂದೂ ಅವರು ದೂರಿದರು. ಇನ್ನು ಮುಂದೆ ಇಂತಹ ಸಂಗೀತವನ್ನು ಪ್ರಸಾರಮಾಡುವ ನಿಲಯದ ಪರವಾನಗಿಯನ್ನು ಮೊದಲನೆಯ ಸಲ ಅಮಾನತಿನಲ್ಲಿಡಬೇಕೆಂದೂ ಎರಡನೆಯ ಸಲ ರದ್ದುಮಾಡಬೇಕೆಂದೂ ಅವರ ಬೇಡಿಕೆ. ಆಯೋಗವು ಅಂತಹ ನಿಯಮವನ್ನೇನೂ ಮಾಡಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ, ಆ ಕಾಲದ ಅತ್ಯಂತ ಜನಪ್ರಿಯ ಮೇಳಗಳಲ್ಲಿ ಒಂದಾದ ಬೆನ್ನಿ ಗುಡ್‌ಮನ್ನನ ಮೇಳವು "ಬಾಖ್ ಗೋಸ್ ಟು ಟೌನ್" ಎಂಬ ಕೃತಿಯನ್ನು ಧ್ವನಿಮುದ್ರಿಸಿತು. ಬಾಖನು ಪೇಟೆಗೆ ಹೊರಟನು ಎಂದು ಆ ಹೆಸರಿನ ಅರ್ಥ.

ಈ ದೂರನ್ನು ಓದಿ ನಗುವುದು ಸುಲಭ. ಆದರೆ ಅದರಲ್ಲಿ ವಿಚಾರಿಸಿ ನೋಡತಕ್ಕ ಎರಡು ಸಂಗತಿಗಳಿವೆ. ಪೂಜ್ಯವೆನಿಸಿದ ಒಂದು ಕೃತಿಯನ್ನು ಅದರ ಕರ್ತೃವು ಕನಸಿನಲ್ಲಿಯೂ ಕಾಣದ ವಾದ್ಯಗಳಿಗೆ ಹೊಂದಿಸಿ ನುಡಿಸಬಹುದೇ ಎಂಬುದು ಒಂದು. ಆ "ಕಾಡು" ಎಂಬ ಮಾತು ಎಲ್ಲಿಂದ ಬಂತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರವು ಸಂಗೀತದ ರಚನೆಯಲ್ಲಿಯೇ ದೊರೆಯುವುದಾದ್ದರಿಂದ ಅದನ್ನು ಮೊದಲು ತೆಗೆದುಕೊಳ್ಳುವೆವು.

ಯೂರೋಪಿನಲ್ಲಿ ಸುಮಾರು 1600ರಿಂದ 1750ರವರೆಗೆ ನಡೆದ ಸಂಗೀತದ ಕಾಲಕ್ಕೆ ಬರೋಕ್ ಎಂದು ಹೆಸರು. ಇಟಲಿಯ ವಿವಾಲ್ಡಿ (1678–1741), ಜರ್ಮನಿಯಲ್ಲಿ 1685ರಲ್ಲಿಯೇ ಹುಟ್ಟಿದ ಬಾಖ್ ಮತ್ತು ಹ್ಯಾಂಡೆಲ್, ಈ ಮೂವರು ಆ ಕಾಲದವರು. ಬಾಖನು 1750ರಲ್ಲಿ ಲೈಪ್‌ಜಿಗ್ ಪಟ್ಟಣದಲ್ಲಿಯೂ ಹ್ಯಾಂಡೆಲನು 1759ರಲ್ಲಿ ಲಂಡನ್ನಿನಲ್ಲಿಯೂ ತೀರಿಕೊಂಡರು. ಈ ಸಂಗೀತವೆಂದರೆ ಬರೆದಿಟ್ಟ ಸ್ವರಗಳನ್ನು ಒಂದಕ್ಷರವೂ ತಪ್ಪದೆ ಒಪ್ಪಿಸುವುದೆಂದು ಅನೇಕರು ಭಾವಿಸಿರುವರು. ಸಂಗತಿ ಹಾಗಿಲ್ಲ. ಹಾರ್ಪ್ಸಿಕಾರ್ಡ್ ಅಥವಾ ಆರ್ಗನ್ ನುಡಿಸುವವನ ಮುಂದೆ ಅನೇಕ ವೇಳೆ ಮಂದ್ರದ ಒಂದೇ ಸಾಲು ಇರುತ್ತಿತ್ತು. ಅದರ ಜತೆಯಲ್ಲಿ 6, 7, 4 ಎಂಬಂತೆ ಕೆಲವು ಅಂಕೆಗಳು. ಆ ಅಂಕೆಗಳ ಸೂಚನೆಯಂತೆ ಮೇಲಿನ ಸ್ವರಗಳನ್ನು ಅವನು ಅಲ್ಲಿಯೇ ಕಲ್ಪಿಸಿ ತುಂಬಿಕೊಳ್ಳಬೇಕಾಗಿತ್ತು. ಹಾಡುಗಾರರು ಹಾಡಿನ ಮೊದಲ ಭಾಗವನ್ನು ಮರಳಿ ಹಾಡುವಾಗ ತಮ್ಮ ಅಲಂಕಾರಗಳನ್ನು ಸೇರಿಸಬೇಕೆಂಬುದು ವಾಡಿಕೆ. ಫ್ರಾನ್ಸಿನಲ್ಲಿ ಸಮವಾಗಿ ಬರೆದ ಎರಡು ಸ್ವರಗಳಲ್ಲಿ ಮೊದಲನೆಯದನ್ನು ತುಸು ನೀಳವಾಗಿಯೂ ಎರಡನೆಯದನ್ನು ಚಿಕ್ಕದಾಗಿಯೂ ನುಡಿಸುವ ಸಂಪ್ರದಾಯವಿತ್ತು. ಈ ಮಾತನ್ನು ವಾಚಕಿಯರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಪ್ರಯೋಜನವಿದೆ.

ಬಾಖನು ತನ್ನ ಕಾಲದಲ್ಲಿ ಆಶುವಾದನಕ್ಕೆ ಹೆಸರಾಗಿದ್ದನು. 1747ರಲ್ಲಿ ಪಾಟ್ಸ್‌ಡಾಮಿನ ಅರಮನೆಯಲ್ಲಿ ಪ್ರಷ್ಯದ ದೊರೆ ಫ್ರೆಡರಿಕನು ಕೊಟ್ಟ ಒಂದು ಸ್ವರಪಂಕ್ತಿಯನ್ನು ಹಿಡಿದು ಆ ಕ್ಷಣದಲ್ಲಿಯೇ ಮೂರು ಧ್ವನಿಗಳ ಫ್ಯೂಗನ್ನು ನುಡಿಸಿ ಸಭೆಯನ್ನು ಬೆರಗುಗೊಳಿಸಿದನು. ಅದಕ್ಕೂ ಬಹಳ ಹಿಂದೆ, 1706ರಲ್ಲಿ, ಇಪ್ಪತ್ತರ ಹರೆಯದ ಈ ಆರ್ಗನ್ ವಾದಕನನ್ನು ಆರ್ನ್‌ಷ್ಟಾಟ್ ಪಟ್ಟಣದ ಚರ್ಚಿನ ಆಡಳಿತದವರು ಕರೆದು ಗದರಿಸಿದ್ದುಂಟು. ಆರಾಧನೆಯ ಕೀರ್ತನೆಗಳಿಗೆ ವಾದ್ಯ ನುಡಿಸುವಾಗ ವಿಚಿತ್ರವಾದ ಬದಲಾವಣೆಗಳನ್ನೂ ಪರಸ್ವರಗಳನ್ನೂ ಸೇರಿಸಿ ಸಭೆಯನ್ನು ಗಲಿಬಿಲಿಗೊಳಿಸುತ್ತಾನೆಂಬುದು ಆಪಾದನೆ. ನ್ಯೂ ಜೆರ್ಸಿಯ ಅಧ್ಯಕ್ಷರು ಈ ದಾಖಲೆಯನ್ನು ಓದಿದ್ದರೋ ಇಲ್ಲವೋ!

ಇನ್ನು ಜಾಝ್ ಮೇಳದ ಮಾತು. ಜಾಝ್ ಸಂಗೀತವು ಅಮೆರಿಕಾದ ದಕ್ಷಿಣ ಭಾಗದಲ್ಲಿ, ಮುಖ್ಯವಾಗಿ ನ್ಯೂ ಆರ್ಲಿಯನ್ಸ್ ನಗರದಲ್ಲಿ, ಗುಲಾಮಗಿರಿಯಿಂದ ಬಿಡುಗಡೆ ಹೊಂದಿದ ಕರಿಯ ಜನರ ಮಕ್ಕಳು ಮೊಮ್ಮಕ್ಕಳ ಕೈಯಲ್ಲಿ ಬೆಳೆದದ್ದು. ಆರಂಭದಲ್ಲಿ ಐದಾರು ಜನರ ಚಿಕ್ಕ ಮೇಳ, ಬರವಣಿಗೆ ಕಡಮೆ. 1920ರ ದಶಕದಲ್ಲಿ ನ್ಯೂಯಾರ್ಕಿನ ಫ್ಲೆಚರ್ ಹೆಂಡರ್‌ಸನ್ನನ ಮೇಳಕ್ಕಾಗಿ ಡಾನ್ ರೆಡ್‌ಮನ್ ಎಂಬವನು ಹೊಸ ರೀತಿಯ ವಾದ್ಯವಿನ್ಯಾಸವನ್ನು ಬರೆಯತೊಡಗಿದನು. ಒಂದು ರಾಗವನ್ನು ಯಾವ ವಾದ್ಯವು ಯಾವಾಗ, ಯಾವ ಸ್ವರಗಳಲ್ಲಿ ನುಡಿಸಬೇಕೆಂದು ಗೊತ್ತುಮಾಡಿ ಬರೆಯುವುದೇ ವಾದ್ಯವಿನ್ಯಾಸ. ರೆಡ್‌ಮನ್ನನು ಸ್ಯಾಕ್ಸೊಫೋನು ಕ್ಲಾರಿನೆಟ್ಟುಗಳನ್ನು ಒಂದು ಪಂಗಡವಾಗಿಯೂ ಟ್ರಂಪೆಟ್ ಟ್ರಾಂಬೋನುಗಳನ್ನು ಇನ್ನೊಂದಾಗಿಯೂ ನಿಲ್ಲಿಸಿ, ಒಂದು ಕೇಳಿದ್ದಕ್ಕೆ ಇನ್ನೊಂದು ಉತ್ತರ ಕೊಡುವಂತೆ ಮಾಡಿದನು. ಕೆಳಗೆ ಪಿಯಾನೋ, ಗಿಟಾರ್, ಡಬಲ್ ಬಾಸ್, ಡ್ರಮ್ ಇವು ನಾಲ್ಕು ಸೇರಿ ಲಯವನ್ನು ಹಿಡಿಯುವವು. ಹೆಂಡರ್‌ಸನ್ನನೇ ಮುಂದೆ ತನ್ನ ವಿನ್ಯಾಸಗಳನ್ನು ಬಿಳಿಯನಾದ ಬೆನ್ನಿ ಗುಡ್‌ಮನ್ನನಿಗೆ ಮಾರಿದನು. ಅವುಗಳಿಂದಲೇ ಗುಡ್‌ಮನ್ನನು 1935ರಲ್ಲಿ ದೇಶವನ್ನೆಲ್ಲ ಗೆದ್ದನೆನ್ನಬಹುದು. ಕಾಲಕ್ರಮದಲ್ಲಿ ಐದು ಸ್ಯಾಕ್ಸೊಫೋನು, ನಾಲ್ಕು ಟ್ರಂಪೆಟ್, ನಾಲ್ಕು ಟ್ರಾಂಬೋನು, ಲಯದವರು ನಾಲ್ವರು, ಹೀಗೆ ಹದಿನೇಳು ಮಂದಿಯ ಮೇಳವು ವಾಡಿಕೆಯಾಗಿ ಅದಕ್ಕೆ ಬಿಗ್ ಬ್ಯಾಂಡ್ ಎಂಬ ಹೆಸರು ನಿಂತಿತು. ಇದು ಗಂಡಸರ ಸೊತ್ತಾಗಿಯೇ ಉಳಿಯಲಿಲ್ಲವೆಂಬುದನ್ನು ನಮ್ಮ ವಾಚಕಿಯರಿಗೆ ತಿಳಿಸುವುದು ಉಚಿತ. ಮಿಸಿಸಿಪಿ ಸಂಸ್ಥಾನದ ಪೈನಿ ವುಡ್ಸ್ ಎಂಬ ಬಡಮಕ್ಕಳ ಶಾಲೆಯಲ್ಲಿ 1937ರಲ್ಲಿ ವಿದ್ಯಾರ್ಥಿನಿಯರದೇ ಒಂದು ದೊಡ್ಡ ಮೇಳವು ಹುಟ್ಟಿ, ಊರೂರು ತಿರುಗಿ ಶಾಲೆಗೆ ಹಣ ಕೂಡಿಸಿತು. "ಇಂಟರ್‌ನ್ಯಾಷನಲ್ ಸ್ವೀಟ್‌ಹಾರ್ಟ್ಸ್ ಆಫ್ ರಿದಮ್" ಎಂಬ ಹೆಸರಿನಿಂದ ಅದು ಮುಂದೆ ಸ್ವತಂತ್ರವಾಗಿ ಪ್ರಸಿದ್ಧವಾಯಿತು.

ಜಾಝ್ ಲಯದ ಜೀವವು ಸ್ವಿಂಗ್ ಎಂಬ ತೂಗಾಟದಲ್ಲಿದೆ. ಒಂದು ಎಣಿಕೆಯೊಳಗೆ ಎರಡು ಸ್ವರಗಳಿದ್ದರೆ ಅವನ್ನು ಸಮನಾಗಿ ನುಡಿಸುವುದಿಲ್ಲ. ನಮ್ಮ ಸಂಗೀತದ ತಿಶ್ರ ನಡೆಯಂತೆ ಎಣಿಕೆಯನ್ನು ಮೂರಾಗಿ ಭಾಗಿಸಿ, ಮೊದಲ ಎರಡು ಭಾಗಗಳನ್ನು ಒಂದು ಸ್ವರಕ್ಕೂ ಉಳಿದ ಒಂದನ್ನು ಇನ್ನೊಂದಕ್ಕೂ ಕೊಟ್ಟಂತೆ ಕೇಳಿಸುವುದು. ಪ್ರಮಾಣವು ವೇಗಕ್ಕೆ ತಕ್ಕಂತೆ ಬದಲಾಗುವುದಾದರೂ ಮೂಲಭಾವ ಇದೇ. ಹಳೆಯ ಫ್ರೆಂಚ್ ಸಂಪ್ರದಾಯದ ನೀಳ ಚಿಕ್ಕ ಸ್ವರಗಳಿಗೂ ಇದಕ್ಕೂ ವಂಶಸಂಬಂಧವಿದೆಯೆಂದು ನಾವು ಹೇಳುವುದಿಲ್ಲ. ಹೋಲಿಕೆಯುಂಟೆಂದು ಮಾತ್ರ ಹೇಳುತ್ತೇವೆ. ಇನ್ನೂ ಹತ್ತಿರದ ಹೋಲಿಕೆ ಪಿಯಾನೋದವನಲ್ಲಿದೆ. ಅವನ ಮುಂದಿನ ಹಾಳೆಯಲ್ಲಿ ಅನೇಕ ವೇಳೆ ಸ್ವರಗುಚ್ಛಗಳ ಹೆಸರುಗಳು ಮಾತ್ರ ಇರುವವು. ಉಳಿದದ್ದನ್ನೆಲ್ಲ ಅವನೇ ತುಂಬಬೇಕು. ಬಾಖನ ಕಾಲದ ಹಾರ್ಪ್ಸಿಕಾರ್ಡ್ ವಾದಕನು ಎದ್ದು ಬಂದರೆ ಒಂದು ವಾರದಲ್ಲಿ ಆ ಕೆಲಸವನ್ನು ಕಲಿತಾನು.

ಆದುದರಿಂದ ಜಾಝ್ ವಿನ್ಯಾಸಕಾರರು ಬೇರೆಲ್ಲ ಕಾಲಗಳ ಸಂಗೀತಕ್ಕಿಂತಲೂ ಬರೋಕ್ ಸಂಗೀತಕ್ಕೆ ಮತ್ತೆ ಮತ್ತೆ ಮರಳುವುದು ಆಕಸ್ಮಿಕವಲ್ಲ. ಬಾಖನ ಸಂಗೀತದಲ್ಲಿ ಮಂದ್ರದ ಸಾಲು ಅನೇಕ ಕಡೆ ನಡೆಯುವವನ ಹೆಜ್ಜೆಯಂತೆ ಒಂದೇ ಸಮನೆ ಸಾಗುತ್ತದೆ; ಜಾಝ್ ಮೇಳದ ಡಬಲ್ ಬಾಸ್ ಮಾಡುವುದೂ ಅದನ್ನೇ, ಅದರ ಹೆಸರೇ "ವಾಕಿಂಗ್ ಬಾಸ್". ಎರಡು ಕಡೆಯೂ ಮೇಲಿನವರು ಎಷ್ಟು ಹಾರಾಡಿದರೂ ಕೆಳಗಿನ ಹೆಜ್ಜೆ ತಪ್ಪುವುದಿಲ್ಲ. ಇನ್ನು, ಬಾಖನು 1721ರಲ್ಲಿ ಬ್ರಾಂಡೆನ್‌ಬರ್ಗಿನ ಒಬ್ಬ ರಾಜಪುತ್ರನಿಗೆ ಅರ್ಪಿಸಿದ ಆರು ಕಂಚೆರ್ಟೋಗಳಲ್ಲಿ ಮೂರನೆಯದನ್ನು ನೋಡಬೇಕು. ಮೂರು ವಯೊಲಿನ್, ಮೂರು ವಯೊಲಾ, ಮೂರು ಚೆಲ್ಲೋ, ಅವುಗಳ ಕೆಳಗೆ ಮಂದ್ರದ ವಾದ್ಯ ಮತ್ತು ಹಾರ್ಪ್ಸಿಕಾರ್ಡ್. ಮೂರು ಮೂರರ ಈ ಪಂಗಡಗಳು ಒಮ್ಮೆ ಒಂದಕ್ಕೊಂದು ಉತ್ತರ ಕೊಡುತ್ತವೆ, ಒಮ್ಮೆ ಒಂದರೊಳಗಿನ ಮೂವರೇ ತಮ್ಮಲ್ಲಿ ಮಾತು ಹಂಚಿಕೊಳ್ಳುತ್ತಾರೆ, ಒಮ್ಮೆ ಎಲ್ಲರೂ ಒಟ್ಟಿಗೆ ಸೇರುತ್ತಾರೆ. ಸ್ಯಾಕ್ಸೊಫೋನು, ಟ್ರಂಪೆಟ್, ಟ್ರಾಂಬೋನುಗಳೆಂಬ ಮೂರು ಪಂಗಡಗಳನ್ನಿಟ್ಟುಕೊಂಡು ಕುಳಿತ ವಿನ್ಯಾಸಕಾರನಿಗೆ ಅರ್ಧ ಕೆಲಸವು ಇಲ್ಲಿ ಮುಗಿದೇ ಇದೆ. ಈ ಕೃತಿಯ ನಡುವಣ ಭಾಗವಂತೂ ಇನ್ನೂ ಸ್ವಾರಸ್ಯವಾದುದು: ಅಲ್ಲಿ ಬಾಖನು ಎರಡೇ ಎರಡು ಸ್ವರಗುಚ್ಛಗಳನ್ನು ಬರೆದು ಬಿಟ್ಟಿದ್ದಾನೆ. ವಾದಕರು ಅಲ್ಲಿ ತಮ್ಮ ಕಲ್ಪನೆಯಿಂದ ಏನನ್ನಾದರೂ ನುಡಿಸಲೆಂದು ಜಾಗ ಬಿಟ್ಟಿರುವನೆಂದೇ ಬಹುಮಂದಿ ಎಣಿಸುತ್ತಾರೆ.

ಫ್ಯೂಗ್ ಎಂಬುದನ್ನು ತುಸು ವಿವರಿಸಬೇಕು. ಒಂದು ಧ್ವನಿಯು ಒಂಟಿಯಾಗಿ ಒಂದು ಚಿಕ್ಕ ವಾಕ್ಯವನ್ನು ಹೇಳಿ ಮುಂದುವರಿಯುವಷ್ಟರಲ್ಲಿ ಎರಡನೆಯದು ಅದೇ ವಾಕ್ಯವನ್ನು ಬೇರೆ ಸ್ಥಾಯಿಯಲ್ಲಿ ಎತ್ತಿಕೊಳ್ಳುತ್ತದೆ. ಮೊದಲನೆಯದು ಸುಮ್ಮನಾಗದೆ ಅದಕ್ಕೆ ಹೊಂದುವ ಬೇರೊಂದನ್ನು ಹಾಡುತ್ತಿರುತ್ತದೆ. ಆಮೇಲೆ ಮೂರನೆಯದು, ನಾಲ್ಕನೆಯದು. ನಾಲ್ಕು ಧ್ವನಿಗಳಲ್ಲಿ ಕೀರ್ತನೆ ಹಾಡಿ ರೂಢಿಯುಳ್ಳ ನಮ್ಮ ಹುಡುಗಿಯರಿಗೆ ಇದು ಬೇಗ ತಿಳಿದೀತು. ಕೀರ್ತನೆಯಲ್ಲಿ ನಾಲ್ವರೂ ಒಟ್ಟಿಗೆ ಬಾಯಿ ತೆರೆಯುತ್ತಾರೆ, ಫ್ಯೂಗಿನಲ್ಲಿ ಒಬ್ಬರ ಹಿಂದೆ ಒಬ್ಬರು, ಅಷ್ಟೇ ಭೇದ. "ಬಾಖ್ ಗೋಸ್ ಟು ಟೌನ್" ಎಂಬುದು ಇಂತಹ ಒಂದು ಫ್ಯೂಗು, ಅದಕ್ಕೊಂದು ಪೀಠಿಕೆಯೊಡನೆ. ಇದರಲ್ಲಿ ಬಾಖನ ಸ್ವರ ಒಂದೂ ಇಲ್ಲ. ವೇಲ್ಸಿನ ಕಾರ್ಡಿಫ್‌ನಲ್ಲಿ ಹುಟ್ಟಿದ ಆಲೆಕ್ ಟೆಂಪಲ್ಟನ್ ಎಂಬ ಹುಟ್ಟುಕುರುಡನಾದ ಪಿಯಾನೋ ವಾದಕನು ಬಾಖನ ವ್ಯಾಕರಣದಲ್ಲಿ ತನ್ನ ಮಾತನ್ನು ಬರೆದದ್ದು ಅದು. ಗುಡ್‌ಮನ್ನನ ಮೇಳಕ್ಕೆ ಅದನ್ನು ಹೊಂದಿಸಿದವನು ಹೆನ್ರಿ ಬ್ರಾಂಟ್. ಹಾಸ್ಯಕ್ಕಾಗಿ ಬರೆದ ಕೃತಿಯಾದರೂ ಫ್ಯೂಗಿನ ನಿಯಮಗಳಲ್ಲಿ ಅದು ಹುಡುಗಾಟವಾಡಿಲ್ಲ. ಒಂದೊಂದು ಧ್ವನಿಯೂ ಬಂದು ಸೇರುವುದನ್ನು ಕಿವಿಯು ಎಣಿಸಬಹುದು.

ಹಾಗೆಂದು ಇಂತಹ ವಿನ್ಯಾಸಗಳೆಲ್ಲವೂ ಒಳ್ಳೆಯವೆಂದು ನಾವು ಹೇಳಲಾರೆವು. ಬಹಳಷ್ಟು ಕೆಟ್ಟವೇ. ಕೆಡುವ ಬಗೆಯನ್ನು ಅರಿತರೆ ಒಳ್ಳೆಯದನ್ನು ಗುರುತಿಸುವುದು ಸುಲಭ. ಬಾಖನ ಸಂಗೀತದಲ್ಲಿ ಸ್ವರಗುಚ್ಛವು ಅನೇಕ ವೇಳೆ ಎಣಿಕೆ ಎಣಿಕೆಗೂ ಬದಲಾಗುತ್ತದೆ. ಜಾಝ್ ವಾದಕನಿಗೆ ತನ್ನ ಮನೋಧರ್ಮವನ್ನು ತೋರಿಸಲು ಒಂದು ಗುಚ್ಛದ ಮೇಲೆ ತುಸುವಾದರೂ ನಿಲ್ಲುವ ಅವಕಾಶ ಬೇಕು. ಆದುದರಿಂದ ಜಾಣನಾದ ವಿನ್ಯಾಸಕಾರನು ಗುಚ್ಛಗಳು ಮೆಲ್ಲಗೆ, ಒಂದು ಕ್ರಮದಲ್ಲಿ ಇಳಿಯುತ್ತ ಬರುವ ಭಾಗಗಳನ್ನೇ ಆರಿಸಿಕೊಳ್ಳುತ್ತಾನೆ. ವಿವಾಲ್ಡಿಯಲ್ಲಿ ಅಂತಹವು ಹೇರಳ. ಜಾಣನಲ್ಲದವನು ಹಾಡಿನ ಮೊದಲ ನಾಲ್ಕು ಸಾಲುಗಳನ್ನು ಮಾತ್ರ ಕದ್ದು, ಉಳಿದದ್ದನ್ನು ಎಲ್ಲಿಯೂ ಸಲ್ಲುವ ಸಾಮಾನ್ಯ ಸ್ವರಗಳಿಂದ ತುಂಬಿಸುತ್ತಾನೆ. ಇನ್ನು ಕೆಲವರು ಮೂಲವನ್ನು ಇದ್ದಂತೆಯೇ ಬಿಟ್ಟು ಕೆಳಗೆ ಡ್ರಮ್ಮೊಂದನ್ನು ಕಟ್ಟಿ ಜಾಝ್ ಎನ್ನುವರು. ವಯೊಲಿನ್ನಿಗೆ ಬರೆದ ಶೀಘ್ರಸ್ವರಗಳನ್ನು ಕೊಳವೆಯನ್ನು ಎಳೆದು ತಳ್ಳಿ ಸ್ವರ ಹಿಡಿಯುವ ಟ್ರಾಂಬೋನಿಗೆ ಕೊಟ್ಟರೆ ಅದು ಓಡುವ ಎತ್ತಿಗೆ ಕಾಲು ಕಟ್ಟಿದಂತಾಗುವುದು. ಎಲ್ಲಕ್ಕಿಂತ ದೊಡ್ಡ ತಪ್ಪೆಂದರೆ ಹದಿನೇಳು ಮಂದಿಯೂ ಏಕಕಾಲದಲ್ಲಿ ಗಟ್ಟಿಯಾಗಿ ನುಡಿಸಿ ಧ್ವನಿಸಾಲುಗಳನ್ನು ಒಂದೇ ಗೋಡೆಯನ್ನಾಗಿ ಮಾಡುವುದು. ಬಾಖನಲ್ಲಿ ಒಂದೊಂದು ಸಾಲೂ ಒಬ್ಬ ಮನುಷ್ಯನಂತೆ ಮಾತಾಡುತ್ತದೆ. ಅದು ಕೇಳದೆ ಹೋದರೆ ದೂರುಗಾರರು ಹೇಳಿದ್ದು ಸರಿಯೇ.

ಆದರೆ ಅವರು ತಪ್ಪು ಹೊರಿಸಿದ್ದು ಸ್ಯಾಕ್ಸೊಫೋನಿನ ಜಾರುಸ್ವರದ ಮೇಲೆ. ಆಡಾಲ್ಫ್ ಸ್ಯಾಕ್ಸನು 1846ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯವನ್ನು ಬಾಖನು ಕಂಡಿರಲಿಲ್ಲವೆಂಬುದು ನಿಜ. ಅದು ಜಾರುವುದೂ ನಿಜ. ಜಾರುವುದೇ ದೋಷವಾದರೆ ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರನ್ನು (1949–2019) ಏನೆನ್ನಬೇಕು? ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯವನ್ನು ಕೇಳಿ ಮನಸೋತು, ವರ್ಷಗಟ್ಟಲೆ ಸಾಧನೆಮಾಡಿ, ಆ ಜಾರುವಿಕೆಯನ್ನೇ ಗಮಕವನ್ನಾಗಿಸಿ ತ್ಯಾಗರಾಜರ ಕೃತಿಗಳನ್ನು ನುಡಿಸಿದರು. 1994ರಲ್ಲಿ ಲಂಡನ್ನಿನ ಬಿ.ಬಿ.ಸಿ. ಪ್ರಾಮೆನೇಡ್ ಸಂಗೀತೋತ್ಸವದಲ್ಲಿಯೂ ನುಡಿಸಿದರು. ಅವರ ಕೈಯಲ್ಲಿ ಆ ವಾದ್ಯವು ಕೆಡಿಸಿದ್ದೇನನ್ನೂ ನಾವು ಕಾಣೆವು.

ಕೃತಿಯನ್ನು ಬೇರೆ ವಾದ್ಯಗಳಿಗೆ ದಾಟಿಸುವುದರಲ್ಲಿ ಬಾಖನೇ ಮೊದಲಿಗರಲ್ಲಿ ಒಬ್ಬನು. ವಿವಾಲ್ಡಿಯು ನಾಲ್ಕು ವಯೊಲಿನ್ನುಗಳಿಗಾಗಿ ಬರೆದು 1711ರಲ್ಲಿ ಅಚ್ಚಾದ ಕಂಚೆರ್ಟೋ ಒಂದನ್ನು ಅವನು ನಾಲ್ಕು ಹಾರ್ಪ್ಸಿಕಾರ್ಡುಗಳಿಗೆ ಹೊಂದಿಸಿದನು, ಶ್ರುತಿಯನ್ನೂ ಬದಲಿಸಿದನು. ಒಂಟಿ ವಯೊಲಿನ್ನಿಗೆಂದು ತಾನು ಬರೆದ ಇ ಮೇಜರ್ ಪಾರ್ಟಿಟಾದ ಪೀಠಿಕೆಯನ್ನು, 1731ರಲ್ಲಿ ಲೈಪ್‌ಜಿಗ್ಗಿನ ನಗರಸಭೆಯ ಆರಾಧನೆಗಾಗಿ ಆರ್ಗನ್ನಿಗೆ ಕೊಟ್ಟು, ಅದರ ಸುತ್ತಲೂ ತಂತಿವಾದ್ಯಗಳನ್ನೂ ಮೂರು ಟ್ರಂಪೆಟ್ಟುಗಳನ್ನೂ ನಗಾರಿಗಳನ್ನೂ ನಿಲ್ಲಿಸಿದನು. ಒಂದು ವಯೊಲಿನ್ನಿನ ಏಕಾಂತದ ಮಾತು ಊರಹಬ್ಬವಾಯಿತು. ಬೇಕಾದರೆ ಇದನ್ನು ಬಿಗ್ ಬ್ಯಾಂಡ್ ವಿನ್ಯಾಸಗಳ ಅಜ್ಜನೆನ್ನಬಹುದು. ಹ್ಯಾಂಡೆಲನ "ಮೆಸ್ಸಾಯ"ವನ್ನು ಮೋಟ್ಸಾರ್ಟನು 1789ರಲ್ಲಿ ವಿಯೆನ್ನಾ ನಗರಕ್ಕಾಗಿ ಕ್ಲಾರಿನೆಟ್, ಕೊಳಲು ಮುಂತಾದವನ್ನು ಸೇರಿಸಿ ಬೇರೆಯಾಗಿ ಹೊಂದಿಸಿದ್ದೂ ಉಂಟು.

ಆದುದರಿಂದ ದೂರಿನಲ್ಲಿ ಉಳಿಯುವುದು ಆ "ಕಾಡಿನ" ಮಾತು. ಕರಿಯರ ಸಂಗೀತವನ್ನು ಹೀನಾಯಿಸುವವರು ಅಂದಿನ ಪತ್ರಿಕೆಗಳಲ್ಲಿ ಬಳಸುತ್ತಿದ್ದ ಮಾತೇ ಅದು. ಬಾಖನನ್ನು ಮುಟ್ಟಬಾರದೆಂದರೆ ಯಾರು ಮುಟ್ಟಬಾರದು? ಎಡ್ಡಿ ಸೌತ್ (1904–1962) ಎಂಬ ಕರಿಯ ವಯೊಲಿನ್ ವಾದಕನು ಶಾಸ್ತ್ರೀಯ ಪದ್ಧತಿಯಲ್ಲಿ ಚೆನ್ನಾಗಿ ಕಲಿತವನು. ಆದರೆ ಅವನ ಬಣ್ಣದವರಿಗೆ ಅಂದಿನ ಅಮೆರಿಕಾದ ದೊಡ್ಡ ವಾದ್ಯವೃಂದಗಳಲ್ಲಿ ಜಾಗವಿರಲಿಲ್ಲ; ಜಾಝ್ ಅವನ ಜೀವನೋಪಾಯವಾಯಿತು. 1937ರಲ್ಲಿ ಪ್ಯಾರಿಸಿನಲ್ಲಿ ಅವನೂ ಸ್ಟೆಫಾನ್ ಗ್ರಪೆಲ್ಲಿಯೂ ಎರಡು ವಯೊಲಿನ್ನುಗಳಿಗಾಗಿ ಬಾಖನು ಬರೆದ ಡಿ ಮೈನರ್ ಕಂಚೆರ್ಟೋದ ಮೊದಲ ಭಾಗವನ್ನು ಮುದ್ರಿಸಿದರು. ಇಡೀ ವಾದ್ಯವೃಂದದ ಸ್ಥಾನದಲ್ಲಿ ಇದ್ದದ್ದು ಜಾಂಗೋ ರೈನ್‌ಹಾರ್ಟನ ಗಿಟಾರ್ ಒಂದೇ. ಮೂಲಕ್ಕೆ ಹತ್ತಿರವಾಗಿ ಒಮ್ಮೆಯೂ ಬಿಡುಬೀಸಾಗಿ ಇನ್ನೊಮ್ಮೆಯೂ ನುಡಿಸಿದ ಆ ಎರಡು ಮುದ್ರಿಕೆಗಳನ್ನು ಕೇಳಿದವರು, ಬಾಖನನ್ನು ಅರಿಯದವರು ನುಡಿಸಿದ್ದೆಂದು ಹೇಳಲಾರರು. ಟ್ರಿನಿಡಾಡಿನಲ್ಲಿ 1920ರಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಬೆಳೆದ ಹೇಝಲ್ ಸ್ಕಾಟ್ ಎಂಬಾಕೆಯು 1940ರಲ್ಲಿ ಬಾಖನ ಎ ಮೈನರ್ ಇನ್ವೆನ್ಷನ್ನನ್ನು ಪಿಯಾನೋದಲ್ಲಿ ಮೊದಲು ಬರೆದಂತೆಯೂ ಆಮೇಲೆ ತೂಗಿಸಿಯೂ ನುಡಿಸಿ ಹೆಸರಾದಳು. ಕರಿಯರನ್ನೂ ಬಿಳಿಯರನ್ನೂ ಬೇರೆ ಬೇರೆ ಕೂರಿಸುವ ಸಭೆಯಲ್ಲಿ ನುಡಿಸುವುದಿಲ್ಲವೆಂದು ಆಕೆ ಹಟಹಿಡಿದವಳು. ಇವರಿಬ್ಬರೂ ದೊಡ್ಡ ಮೇಳದವರಲ್ಲದಿದ್ದರೂ ಇವರನ್ನು ಬಿಟ್ಟು ಈ ಕಥೆಯನ್ನು ಹೇಳುವುದು ನ್ಯಾಯವಲ್ಲ.

ಹಾಡುಗಾರಿಕೆಯಲ್ಲಿ ಆಸಕ್ತಿಯುಳ್ಳವರು 1963ರಲ್ಲಿ ಪ್ಯಾರಿಸಿನಿಂದ ಹೊರಬಂದ ಸ್ವಿಂಗಲ್ ಸಿಂಗರ್ಸ್ ಎಂಬ ಎಂಟು ಮಂದಿಯ ಬಾಖ್ ಮುದ್ರಿಕೆಯನ್ನು ಹುಡುಕಿ ಕೇಳಬೇಕು. ಮಾತುಗಳಿಲ್ಲ, ಬರಿಯ ಸ್ವರೋಚ್ಚಾರ. ಕೆಳಗೆ ಡಬಲ್ ಬಾಸ್ ಮತ್ತು ಡ್ರಮ್. ಬಾಖನ ಸ್ವರಗಳನ್ನು ಬಹುಮಟ್ಟಿಗೆ ಹಾಗೆಯೇ ಇಟ್ಟು ನಡೆಯನ್ನು ಮಾತ್ರ ತೂಗಿಸಿದ್ದಾರೆ.

ದೊಡ್ಡ ಪ್ರಮಾಣದಲ್ಲಿ ಈ ಕೆಲಸ ನಡೆದದ್ದು ಹ್ಯಾಂಡೆಲನ "ಮೆಸ್ಸಾಯ"ದ ಮೇಲೆ. ಮರಿನ್ ಆಲ್ಸಪ್ ಎಂಬ ಮಹಿಳೆಯು ಮುಂದೆ 2007ರಲ್ಲಿ ಬಾಲ್ಟಿಮೋರ್ ನಗರದ ವಾದ್ಯವೃಂದಕ್ಕೆ ಸಂಗೀತನಿರ್ದೇಶಕಿಯಾಗಿ, ಅಮೆರಿಕಾದ ಪ್ರಮುಖ ವಾದ್ಯವೃಂದವೊಂದನ್ನು ನಡೆಸಿದ ಮೊದಲನೆಯ ಸ್ತ್ರೀಯೆನಿಸಿದಳು. ಅದಕ್ಕೆ ಮೊದಲು, 1993ರಲ್ಲಿ, ನ್ಯೂಯಾರ್ಕಿನಲ್ಲಿ ತಾನು ಕಟ್ಟಿದ ಕನ್ಕಾರ್ಡಿಯಾ ಎಂಬ ವೃಂದಕ್ಕಾಗಿ ಬಾಬ್ ಕ್ರಿಶ್ಚಿಯನ್‌ಸನ್ ಮತ್ತು ಗ್ಯಾರಿ ಆಂಡರ್‌ಸನ್ ಎಂಬಿಬ್ಬರಿಂದ ಆಕೆ "ಟೂ ಹಾಟ್ ಟು ಹ್ಯಾಂಡೆಲ್" ಎಂಬ ವಿನ್ಯಾಸವನ್ನು ಬರೆಸಿದಳು. ಹಿಡಿಯಲಾರದಷ್ಟು ಬಿಸಿ ಎಂಬ ಇಂಗ್ಲಿಷ್ ಮಾತಿನೊಳಗೆ ಹ್ಯಾಂಡೆಲನ ಹೆಸರನ್ನು ಅಡಗಿಸಿದ ಶ್ಲೇಷೆ ಅದು. ತಂತಿವಾದ್ಯಗಳ ಜತೆಗೆ ಸ್ಯಾಕ್ಸೊಫೋನು, ಹಿತ್ತಾಳೆಯ ವಾದ್ಯಗಳು, ಲಯದವರು ಸೇರಿದರು. ಗಾಯನವೃಂದವು ಕರಿಯರ ದೇವಾಲಯಗಳ ಗಾಸ್ಪೆಲ್ ರೀತಿಯಲ್ಲಿ ಹಾಡಿತು. ಒಂಟಿಯಾಗಿ ಹಾಡುವವರು ಸ್ವರಗಳನ್ನು ಮನಸ್ಸಿಗೆ ಬಂದಂತೆ ಬಳಸಿ ತಿರುಗಿಸುವುದನ್ನು ಕೇಳಿ ಕೆಲವರು ಹುಬ್ಬುಗಂಟಿಕ್ಕಬಹುದು. ಹ್ಯಾಂಡೆಲನು ತನ್ನ ಹಾಡುಗಾರರಿಂದ ನಿರೀಕ್ಷಿಸುತ್ತಿದ್ದ ಅಲಂಕಾರಗಳನ್ನು ನೆನೆದರೆ ಆ ಗಂಟು ಸಡಿಲವಾಗುವುದು.

"ಮೆಸ್ಸಾಯ"ವು ಮೊತ್ತಮೊದಲು ಕೇಳಿದ್ದು 1742ನೆಯ ಇಸವಿ ಏಪ್ರಿಲ್ 13ರಂದು, ಡಬ್ಲಿನ್ ಪಟ್ಟಣದಲ್ಲಿ. ಸಭಾಂಗಣವು ಚಿಕ್ಕದು. ಹೆಚ್ಚು ಜನರಿಗೆ ಸ್ಥಳವಾಗಲೆಂದು, ಹೆಂಗಸರು ಲಂಗವನ್ನು ಉಬ್ಬಿಸುವ ಬಳೆಕಟ್ಟುಗಳಿಲ್ಲದೆಯೂ ಗಂಡಸರು ಕತ್ತಿಗಳಿಲ್ಲದೆಯೂ ಬರಬೇಕೆಂದು ಪತ್ರಿಕೆಯಲ್ಲಿ ಕೇಳಿಕೊಂಡಿದ್ದರು. ಹೀಗೆ 700 ಮಂದಿ ಹಿಡಿಸಿದರು. ಕೂಡಿದ ಹಣವು ಎರಡು ಆಸ್ಪತ್ರೆಗಳಿಗೂ ಸಾಲಕ್ಕಾಗಿ ಸೆರೆಯಲ್ಲಿದ್ದವರ ಬಿಡುಗಡೆಗೂ ಹೋಯಿತು, 142 ಮಂದಿ ಮನೆಗೆ ಮರಳಿದರು. ಆಲ್ಸಪ್ಪಳ ವಿನ್ಯಾಸವು ಡೆಟ್ರಾಯಿಟ್ ಮತ್ತು ಷಿಕಾಗೋ ನಗರಗಳಲ್ಲಿ ಅನೇಕ ವರ್ಷ ನಡೆದಿದೆ. ಷಿಕಾಗೋದ ಆಡಿಟೋರಿಯಂ ನಾಟಕಶಾಲೆಯಲ್ಲಿ ಅದನ್ನು ಹಾಡುತ್ತಿದ್ದದ್ದು ಕ್ರಿಸ್‌ಮಸ್ಸಿಗಲ್ಲ, ಜನವರಿಯಲ್ಲಿ, ಮಾರ್ಟಿನ್ ಲೂಥರ್ ಕಿಂಗ್‌ರ ಜನ್ಮದಿನದ ಸುಮಾರಿಗೆ.